ಸತ್ತ ಮೇಲೆ ಹಾಡಿದ ಆಮೆ

ಬೆಳಗ್ಗೆ ಹುಟ್ಟಿದ ಮಗು ಮಧ್ಯಾಹ್ನಕ್ಕೆ ಲೈರ್ ಎಂಬ ತಂತಿವಾದ್ಯ ನುಡಿಸಿತು, ಸಂಜೆಗೆ ಅಣ್ಣನ ದನ ಕದ್ದಿತು. ಗ್ರೀಕರ ದೇವರು ಹರ್ಮೀಸ್‌ನ ಮೊದಲ ದಿನ ಹೀಗೆ ಕಳೆಯಿತು ಎನ್ನುತ್ತದೆ ಸುಮಾರು 2,500 ವರ್ಷ ಹಳೆಯ ಒಂದು ಸ್ತುತಿಗೀತೆ. ಹೋಮರನ ಹೆಸರಿನಲ್ಲಿ ಉಳಿದು ಬಂದ ಸ್ತುತಿಗಳಲ್ಲಿ ಅದೂ ಒಂದು. ಕಟ್ಟಿದವರು ಬೇರೆ ಯಾರೋ.

ಅರ್ಕಾಡಿಯಾ ಸೀಮೆಯ ಕಿಲ್ಲೀನಿ ಬೆಟ್ಟದ ಗುಹೆಯಲ್ಲಿ ಮಾಯಾ ಎಂಬ ದೇವತೆಗೆ ಹುಟ್ಟಿದ ಮಗು ಅದು. ತಂದೆ ದೇವತೆಗಳ ರಾಜ ಜ್ಯೂಸ್. ತೊಟ್ಟಿಲಲ್ಲಿ ಸುಮ್ನೆ ಮಲಗಿರದೆ ಎದ್ದು ಹೊರಗೆ ಬರುತ್ತದೆ. ಬಾಗಿಲ ಮುಂದೆಯೇ ಒಂದು ಆಮೆ ಹುಲ್ಲು ಮೇಯುತ್ತಾ ನಿಧಾನಕ್ಕೆ ಹೋಗುತ್ತಿದೆ. ಮಗು ನಗುತ್ತದೆ, ಆಮೆಯನ್ನು ಮಾತಾಡಿಸುತ್ತದೆ. ಎಷ್ಟು ಚೆಂದ ಇದ್ದೀಯ, ಒಳಗೆ ಬಾ, ಹೊರಗಡೆ ಅಪಾಯ ಎನ್ನುತ್ತದೆ. ಬದುಕಿದ್ದರೆ ನೀನು ಮಾಟಮಂತ್ರ ತಡೆಯುವ ರಕ್ಷೆ, ಸತ್ತರೆ ತುಂಬಾ ಇಂಪಾಗಿ ಹಾಡುತ್ತೀಯ ಎನ್ನುತ್ತದೆ. ಆಮೇಲೆ ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ಹೋಗಿ, ಕಬ್ಬಿಣದ ಉಳಿಯಿಂದ ಅದರ ಜೀವ ತೆಗೆಯುತ್ತದೆ.

ಈ ಭಾಗ ಓದುವಾಗಲೆಲ್ಲ ನನಗೆ ಒಂದು ಕ್ಷಣ ಮುಂದೆ ಹೋಗಲು ಆಗುವುದಿಲ್ಲ. ಕವಿ ಅವಸರ ಮಾಡುವುದಿಲ್ಲ. ಖಾಲಿಯಾದ ಚಿಪ್ಪಿಗೆ ಜೊಂಡಿನ ಕಡ್ಡಿಗಳನ್ನು ಅಳತೆಗೆ ಕತ್ತರಿಸಿ ಸಿಕ್ಕಿಸಿದ್ದು, ಮೇಲೆ ಎತ್ತಿನ ಚರ್ಮ ಬಿಗಿದಿದ್ದು, ಎರಡು ತೋಳು ನಿಲ್ಲಿಸಿ ಅಡ್ಡಪಟ್ಟಿ ಕಟ್ಟಿದ್ದು, ಕುರಿಯ ಕರುಳಿನ ಏಳು ತಂತಿ ಎಳೆದಿದ್ದು, ಎಲ್ಲವನ್ನೂ ಒಂದೊಂದಾಗಿ ಹೇಳುತ್ತಾನೆ. ಆಮೆ, ಎತ್ತು, ಕುರಿ. ಮೂರು ಪ್ರಾಣಿಗಳು ಸೇರಿ ಒಂದು ವಾದ್ಯ. ಮಗು ತಂತಿ ಮೀಟಿ ಮೊದಲು ಹಾಡಿದ್ದು ತನ್ನ ಅಪ್ಪ ಅಮ್ಮನ ಪ್ರೇಮದ ಬಗ್ಗೆ, ತನ್ನದೇ ಹುಟ್ಟಿನ ಬಗ್ಗೆ.

ದನ ಕಳಕೊಂಡ ಅಣ್ಣ ಅಪೋಲೋ ಸಿಟ್ಟಿನಿಂದ ಬರುತ್ತಾನೆ. ವಿಚಾರಣೆ ಜ್ಯೂಸ್‌ನ ಮುಂದೆ ಹೋಗುತ್ತದೆ. ಕೊನೆಗೆ ಜಗಳ ಮುಗಿಸುವುದು ಲೈರ್. ಅದರ ನಾದ ಕಿವಿಗೆ ಬಿದ್ದದ್ದೇ ಅಪೋಲೋ ಕರಗಿ ಹೋಗುತ್ತಾನೆ, ಇದು 50 ಹಸುಗಳಿಗೆ ಸಮ ಎನ್ನುತ್ತಾನೆ. ಹರ್ಮೀಸ್ ಲೈರನ್ನು ಅಣ್ಣನ ಕೈಗೆ ಕೊಡುತ್ತಾನೆ, ದನ ಕಾಯುವ ಕೆಲಸ ತಾನು ತಗೊಳ್ಳುತ್ತಾನೆ. ಕೊಡುವಾಗ ಒಂದು ಬುದ್ಧಿಮಾತು ಹೇಳುತ್ತಾನೆ. ಇವಳು ಇಂಪಾದ ದನಿಯ ಗೆಳತಿ. ಕಲಿತು, ತಿಳಿದು, ಮೃದುವಾಗಿ ಕೇಳಿದರೆ ಎಲ್ಲವನ್ನೂ ಹೇಳುತ್ತಾಳೆ. ಏನೂ ಗೊತ್ತಿಲ್ಲದೆ ಒರಟಾಗಿ ಕೇಳಿದರೆ ಬರೀ ಅರ್ಥವಿಲ್ಲದ ಸದ್ದು ಮಾಡುತ್ತಾಳೆ. ಯಾವ ವಾದ್ಯ ಕಲಿಯುವವರಿಗೂ ಇದಕ್ಕಿಂತ ಒಳ್ಳೆಯ ಮೊದಲ ಪಾಠ ನಾನು ಕಂಡಿಲ್ಲ.

ಲೈರ್ ಬಗ್ಗೆ ಓದುತ್ತಾ, ಅದರ ಚಿತ್ರಗಳನ್ನು ನೋಡುತ್ತಾ ಹೋದ ಹಾಗೆ ನನ್ನಲ್ಲಿ ಗಟ್ಟಿಯಾದ ಯೋಚನೆ ಒಂದೇ. ಹಳೆಯ ಕಾಲದವರು ಸಂಗೀತಕ್ಕೆ ಯಾರು ಬೆಲೆ ತೆತ್ತರು ಎಂಬುದನ್ನು ಮುಚ್ಚಿಡಲಿಲ್ಲ. ಸತ್ತ ಆಮೆ ಕಥೆಯ ನಡುಮಧ್ಯದಲ್ಲೇ ಇದೆ. ನಂತರದ ಕಲೆ ಮಾತ್ರ ಲೈರನ್ನು ಒಂದು ಚೆಂದದ ಆಕಾರ ಮಾಡಿ ಇಟ್ಟುಕೊಂಡಿತು. ಬೆಲೆಯನ್ನೂ ಮರೆಯಿತು, ದನಿಯನ್ನೂ ಮರೆಯಿತು.

ಇದೇ ಕಥೆಯನ್ನು ನಾಟಕಕಾರ ಸೋಫೋಕ್ಲಿಸ್ ಕೂಡ ಬರೆದಿದ್ದ. ಕಳೆದುಹೋದ ದನ ಹುಡುಕಿಕೊಂಡು ಬಂದ, ಅರ್ಧ ಮನುಷ್ಯ ಅರ್ಧ ಮೃಗದ ರೂಪದ ಸ್ಯಾಟಿರ್‌ಗಳು ನೆಲದೊಳಗಿನಿಂದ ಬರುವ ವಿಚಿತ್ರ ಸದ್ದಿಗೆ ಹೆದರಿ ನಿಲ್ಲುತ್ತಾರೆ. ಬೆಟ್ಟದ ದೇವತೆ ಕಿಲ್ಲೀನಿ ಅವರಿಗೆ ಒಗಟಿನ ಹಾಗೆ ವಿವರಿಸುತ್ತಾಳೆ: ಬದುಕಿದ್ದಾಗ ಆ ಪ್ರಾಣಿ ಮೂಕ, ಸತ್ತ ಮೇಲೆ ಅದಕ್ಕೆ ದನಿ ಬಂತು. ಈ ನಾಟಕ ಪೂರ್ತಿ ಕಳೆದೇ ಹೋಗಿತ್ತು. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ಹಳೆಯ ಕಸದ ದಿಬ್ಬಗಳಲ್ಲಿ ಸಿಕ್ಕ ಪಪೈರಸ್ ಚೂರುಗಳಿಂದ ಅರ್ಧದಷ್ಟು ವಾಪಸ್ ಬಂತು, 1912ರಲ್ಲಿ ಅಚ್ಚಾಯಿತು.

ಆಕ್ಸಿರಿಂಕಸ್ ಅಂದ ಕೂಡಲೇ ಕನ್ನಡದ ಓದುಗರ ಕಿವಿ ಚುರುಕಾಗಬೇಕು, ಅಲ್ವಾ? ಭಾರತದ ಕರಾವಳಿಯಲ್ಲಿ ನಡೆಯುವ, ಖಾರಿಷನ್ ಎಂಬ ಗ್ರೀಕ್ ಹೆಣ್ಣುಮಗಳ ಪ್ರಹಸನ ಸಿಕ್ಕಿದ್ದೂ ಅದೇ ದಿಬ್ಬಗಳಲ್ಲಿ. ಅದು ಅಚ್ಚಾದದ್ದು 1903ರಲ್ಲಿ. ಅದರಲ್ಲಿ ಸ್ಥಳೀಯರು ಆಡುವ ಮಾತುಗಳು ಹಳೆಯ ಕನ್ನಡ ಇರಬಹುದು ಎಂದು ಜರ್ಮನ್ ವಿದ್ವಾಂಸ ಹುಲ್ಟ್ಸ್ ಸೂಚಿಸಿದರು. ಆರ್. ಶಾಮಾಶಾಸ್ತ್ರಿ, ಗೋವಿಂದ ಪೈ ಅದನ್ನು ಮುಂದೆ ಬೆಳೆಸಿದರು. ಒಪ್ಪದ ವಿದ್ವಾಂಸರೂ ಇದ್ದಾರೆ. ಅದು ಏನೇ ಇರಲಿ, ಆಮೆಯ ಒಗಟೂ ನಮ್ಮದಿರಬಹುದಾದ ನಾಲ್ಕು ಮಾತೂ ಒಂದೇ ಊರಿನ ಕಸದಲ್ಲಿ ಶತಮಾನಗಳ ಕಾಲ ಜೊತೆಗೆ ಮಲಗಿದ್ದವು ಎಂಬುದು ನನಗೆ ತುಂಬಾ ಇಷ್ಟವಾದ ಸಂಗತಿ.

ವಾದ್ಯವನ್ನೇ ಸ್ವಲ್ಪ ನೋಡೋಣ. ಕೆಳಗೆ ನಾದದ ಪೆಟ್ಟಿಗೆ. ಅದರಿಂದ ಮೇಲೆದ್ದ ಎರಡು ತೋಳು. ತೋಳುಗಳ ತುದಿಯಲ್ಲಿ ನೊಗದ ಹಾಗೆ ಒಂದು ಅಡ್ಡಮರ. ತಂತಿಗಳು ಆ ಅಡ್ಡಮರದಿಂದ ಇಳಿದು, ಪೆಟ್ಟಿಗೆಯ ಮೇಲೆ ತಂತಿಗಳಿಗೆ ಆಸರೆಯಾದ ಕುದುರೆಯನ್ನು ದಾಟಿ, ಕೆಳಗೆ ಕಟ್ಟಿಕೊಳ್ಳುತ್ತವೆ. ನಮ್ಮ ವೀಣೆಯಲ್ಲಿ ಒಂದೇ ತಂತಿಯನ್ನು ಮೆಟ್ಟಿಲ ಮೇಲೆ ಒತ್ತಿ ಹತ್ತಾರು ಸ್ವರ ತೆಗೆಯುತ್ತೇವೆ, ಎಳೆದು ಗಮಕ ಕೊಡುತ್ತೇವೆ. ಲೈರ್‌ನಲ್ಲಿ ಮೆಟ್ಟಿಲೇ ಇಲ್ಲ. ತಂತಿಗೊಂದು ಸ್ವರ. ಬಲಗೈಯಲ್ಲಿ ಮೀಟುಕಡ್ಡಿ ಹಿಡಿದು ತಂತಿಗಳ ಮೇಲೆ ಬೀಸುತ್ತಾರೆ, ಎಡಗೈ ಬೆರಳುಗಳು ಹಿಂದಿನಿಂದ ಬೇಡದ ತಂತಿಗಳನ್ನು ಮುಟ್ಟಿ ಸುಮ್ಮನಾಗಿಸುತ್ತವೆ, ಕೆಲವನ್ನು ತಾವೇ ಮೀಟುತ್ತವೆ. ಅಂದರೆ ನುಡಿಸುವುದರಷ್ಟೇ ತಡೆಯುವುದೂ ಅಲ್ಲಿ ಕಲೆ. ಹಾಡುವವರೇ ನುಡಿಸುವುದರಿಂದ, ಹಿಂದೂಸ್ತಾನಿ ಗಾಯಕರ ಮಡಿಲಲ್ಲಿರುವ ಸ್ವರಮಂಡಲದ ಕೆಲಸವನ್ನು ಅದು ಮಾಡುತ್ತಿತ್ತು ಎಂದುಕೊಂಡರೆ ಹತ್ತಿರವಾಗುತ್ತದೆ. ನಮ್ಮಲ್ಲಿ ಸಮುದ್ರಗುಪ್ತನ ಚಿನ್ನದ ನಾಣ್ಯವನ್ನು ಲೈರ್ ನುಡಿಸುವ ರಾಜನ ನಾಣ್ಯ ಎಂದು ನಾಣ್ಯತಜ್ಞರು ಕರೆಯುವ ರೂಢಿ ಇದೆ. ಆದರೆ ಅವನ ಮಡಿಲಲ್ಲಿರುವುದು ಬಿಲ್ಲಿನಂತೆ ಬಾಗಿದ ಹಳೆಯ ವೀಣೆ, ಹಾರ್ಪ್‌ನ ಬಳಗದ್ದು. ಎರಡು ತೋಳಿನ ಲೈರ್ ನಮ್ಮ ನೆಲದಲ್ಲಿ ಬೇರು ಬಿಡಲಿಲ್ಲ.

ಗ್ರೀಕರಲ್ಲೇ ಬೇರೆ ಬೇರೆ ಬಗೆ ಇದ್ದವು. ಆಮೆ ಚಿಪ್ಪಿನದು ಮನೆಯದು, ಮಕ್ಕಳ ಪಾಠದ್ದು. ದೊಡ್ಡ ಮರದ ಪೆಟ್ಟಿಗೆಯ ಕಿಥಾರ ವೃತ್ತಿಪರರದು, ಅಥೆನ್ಸಿನ ಉತ್ಸವಗಳಲ್ಲಿ ಸ್ಪರ್ಧೆಗೆ ನಿಲ್ಲುವವರದು. ಉದ್ದ ತೋಳಿನ ಬಾರ್ಬಿಟಾಸ್ ಗೋಷ್ಠಿಗಳದು. ಮ್ಯೂನಿಕ್‌ನ ಸಂಗ್ರಹದಲ್ಲಿರುವ, ಕ್ರಿ.ಪೂ. 470ರ ಸುಮಾರಿನ ಒಂದು ಪಾತ್ರೆಯ ಮೇಲೆ ಕವಿ ಸ್ಯಾಫೋ ಮತ್ತು ಅಲ್ಕೀಯಸ್ ಇಬ್ಬರೂ ಬಾರ್ಬಿಟಾಸ್ ಹಿಡಿದು ನಿಂತಿದ್ದಾರೆ. ಅವನು ತಲೆ ತಗ್ಗಿಸಿ ಹಾಡುತ್ತಿದ್ದಾನೆ, ಅವಳು ತಿರುಗಿ ಅವನ ಕಡೆ ನೋಡುತ್ತಿದ್ದಾಳೆ.

ಪ್ರವಾಸಿ ಪಾಸೇನಿಯಸ್ ಕ್ರಿ.ಶ. 2ನೇ ಶತಮಾನದಲ್ಲಿ ಗ್ರೀಸ್ ಸುತ್ತಿ ಬರೆದದ್ದರಲ್ಲಿ ಒಂದು ಸಾಲು ಇದೆ. ಪಾರ್ಥೇನಿಯನ್ ಬೆಟ್ಟದ ಆಮೆಗಳು ಲೈರ್ ಮಾಡಲು ತುಂಬಾ ಒಳ್ಳೆಯವು, ಆದರೆ ಅಲ್ಲಿನ ಜನ ಅವನ್ನು ಹಿಡಿಯಲು ಹೆದರುತ್ತಾರೆ, ಹೊರಗಿನವರು ಹಿಡಿಯುವುದಕ್ಕೂ ಬಿಡುವುದಿಲ್ಲ, ಅವು ಪ್ಯಾನ್ ದೇವರಿಗೆ ಸೇರಿದವು ಎಂದು ನಂಬುತ್ತಾರೆ. ಊರಿಗೆಲ್ಲ ಸಂಗೀತ ಬೇಕು. ಆದರೆ ಆಮೆಗಳ ಜೊತೆ ಬದುಕುವ ಬೆಟ್ಟದ ಜನರಿಗೆ ಅವುಗಳ ಜೀವದ ಲೆಕ್ಕ ಗೊತ್ತಿತ್ತು.

ಗ್ರೀಸ್ ಬಿಟ್ಟು ಇನ್ನೂ ಎರಡು ಸಾವಿರ ವರ್ಷ ಹಿಂದೆ ಹೋದರೆ ಇರಾಕ್‌ನ ದಕ್ಷಿಣದ ಊರ್ ನಗರ. ಲಿಯೊನಾರ್ಡ್ ವುಲಿ 1922ರಿಂದ 1934ರವರೆಗೆ ಅಲ್ಲಿ ಅಗೆದರು. ಬ್ರಿಟಿಷ್ ಮ್ಯೂಸಿಯಂ ಮತ್ತು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮ್ಯೂಸಿಯಂ ಸೇರಿ ಮಾಡಿಸಿದ ಕೆಲಸ. ರಾಜಸ್ಮಶಾನದಲ್ಲಿ ಹೋರಿಯ ತಲೆ ಹೊತ್ತ ಲೈರ್‌ಗಳು ಸಿಕ್ಕಿದವು. ಕಾಲ ಕ್ರಿ.ಪೂ. 2500ರ ಆಸುಪಾಸು. ಚಿನ್ನದ ಮುಖ, ನೀಲಿ ಲಾಜವರ್ದ ಕಲ್ಲಿನ ಗಡ್ಡ. ಆ ಕಲ್ಲು ಬಂದದ್ದು ದೂರದ ಅಫ್ಘಾನಿಸ್ತಾನದ ಬದಖ್ಷಾನ್‌ನಿಂದ. ಮರವೆಲ್ಲ ಕೊಳೆತು ಮಣ್ಣಾಗಿತ್ತು. ಮರ ಇದ್ದ ಜಾಗದಲ್ಲಿ ಉಳಿದ ಟೊಳ್ಳಿಗೆ ವುಲಿ ಪ್ಲಾಸ್ಟರ್ ಸುರಿಸಿದರು. ವಾದ್ಯ ಇಲ್ಲವಾಗಿದ್ದರೂ ಅದರ ಆಕಾರ ಮಣ್ಣಿನಲ್ಲಿ ಉಳಿದಿತ್ತು, ಅದು ಹಾಗೆ ಎದ್ದು ಬಂತು.

ಫಿಲಡೆಲ್ಫಿಯಾದಲ್ಲಿರುವ ಲೈರ್‌ನ ಮುಂಭಾಗದ ಚಿಪ್ಪಿನ ಚಿತ್ರಫಲಕವನ್ನು ನೀವು ಸಾಧ್ಯವಾದರೆ ದೊಡ್ಡದು ಮಾಡಿ ನೋಡಬೇಕು. ಒಂದು ಕತ್ತೆ ಕೂತು ದೊಡ್ಡ ಲೈರ್ ನುಡಿಸುತ್ತಿದೆ. ಆ ಲೈರ್‌ಗೂ ಹೋರಿಯ ತಲೆ. ಒಂದು ಕರಡಿ ಅದನ್ನು ಹಿಡಿದುಕೊಂಡಿದೆ. ಕಾಲ ಬಳಿ ಒಂದು ಪುಟ್ಟ ಪ್ರಾಣಿ ಗಿಲಕಿ ಆಡಿಸುತ್ತಿದೆ. ಮೇಲಿನ ಸಾಲಿನಲ್ಲಿ ತೋಳವೂ ಸಿಂಹವೂ ಊಟ, ಪಾನ ಹೊತ್ತು ಬರುತ್ತಿವೆ. ಪ್ರಾಣಿಗಳೇ ನಡೆಸುವ ಔತಣ. ಸಾವಿನಾಚೆಯ ಲೋಕದ ಚಿತ್ರ ಇದು ಎಂದು ಹಲವರು ಓದುತ್ತಾರೆ. ಕೆಳಗಿನ ಸಾಲಿನ ಚೇಳುಮನುಷ್ಯನನ್ನು ನೋಡಿದರೆ ಆ ಓದು ಸರಿ ಎಂದೇ ನನಗೂ ಅನ್ನಿಸುತ್ತದೆ.

ಯಾಕೆಂದರೆ ಆ ಗುಂಡಿಗಳಲ್ಲಿ ವಾದ್ಯಗಳು ಒಂಟಿಯಾಗಿ ಇರಲಿಲ್ಲ. ವುಲಿ ಮಹಾ ಮರಣಗುಂಡಿ ಎಂದು ಹೆಸರಿಟ್ಟ ಒಂದರಲ್ಲಿ 74 ಜನರ ಅಸ್ಥಿಗಳಿದ್ದವು. 68 ಹೆಂಗಸರು, 6 ಗಂಡಸರು. ಸಾಲಾಗಿ ಮಲಗಿದ್ದರು, ತಲೆಗೆ ಚಿನ್ನದ, ಬೆಳ್ಳಿಯ ಪಟ್ಟಿ. ರಾಣಿ ಪುವಾಬಿಯ ಗೋರಿಯಲ್ಲಿ ಒಂದು ಲೈರ್‌ನ ಅವಶೇಷದ ಮೇಲೆ ನುಡಿಸುವವಳ ಎಲುಬುಗಳು ಅಡ್ಡ ಬಿದ್ದಿದ್ದವು ಎಂದು ವುಲಿ ಬರೆದರು. ಇವರೆಲ್ಲ ವಿಷ ಕುಡಿದು ನೆಮ್ಮದಿಯಿಂದ ಮಲಗಿದರು ಎಂದು ಅವರ ಊಹೆ. ಬಹಳ ವರ್ಷ ಎಲ್ಲರೂ ಅದನ್ನೇ ಹೇಳಿದರು. ಆಮೇಲೆ ಪೆನ್ಸಿಲ್ವೇನಿಯಾದಲ್ಲಿ ಎರಡು ತಲೆಬುರುಡೆಗಳನ್ನು ಸಿ.ಟಿ. ಸ್ಕ್ಯಾನ್ ಮಾಡಿದಾಗ ಚೂಪಾದ ಆಯುಧದಿಂದ ತಲೆಗೆ ಹೊಡೆದ ಗುರುತು ಕಂಡಿತು. ಒಂದು ಗಂಡಿನದು, ಒಂದು ಹೆಣ್ಣಿನದು. ಮ್ಯೂಸಿಯಂನ ಗಾಜಿನ ಹಿಂದೆ ಆ ಚಿನ್ನದ ಹೋರಿಮುಖ ನಿಜವಾಗಿಯೂ ಅದ್ಭುತ. ಆದರೆ ಆ ಹೆಂಗಸರನ್ನು ಬಿಟ್ಟು ಬರೀ ಹೋರಿಯನ್ನು ಮೆಚ್ಚುವುದು ನನ್ನಿಂದ ಆಗುವುದಿಲ್ಲ.

ಹಾಗೆಯೇ ನಿನೆವೆಯ ಅರಮನೆಯ ಕಲ್ಲುಕೆತ್ತನೆಯೊಂದಿದೆ. ಅಸ್ಸೀರಿಯಾದ ರಾಜ ಸೆನಾಕೆರಿಬನ ಕಾಲದ್ದು, ಕ್ರಿ.ಪೂ. 700ರ ಹತ್ತಿರದ್ದು, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಮೂವರು ಸೆರೆಯಾಳುಗಳು ಲೈರ್ ನುಡಿಸುತ್ತಾ ನಡೆಯುತ್ತಿದ್ದಾರೆ. ಅವರ ಹಿಂದೆ ಆಯುಧ ಹಿಡಿದ ಸೈನಿಕ. ಬೈಬಲಿನ 137ನೇ ಕೀರ್ತನೆ ಇದಕ್ಕಿಂತ ಒಂದು ಶತಮಾನ ಈಚಿನ ಬೇರೆ ಸೆರೆಯ ಬಗ್ಗೆ ಹೇಳುತ್ತದೆ. ಬಾಬಿಲೋನಿನ ನದಿಗಳ ಬಳಿ ಕೂತು ಅತ್ತೆವು, ನಮ್ಮ ವಾದ್ಯಗಳನ್ನು ಮರಗಳಿಗೆ ತೂಗುಹಾಕಿದೆವು, ಹಿಡಿದು ತಂದವರು ನಿಮ್ಮೂರಿನ ಹಾಡು ಹಾಡಿ ಎಂದರು, ಪರದೇಶದಲ್ಲಿ ಹೇಗೆ ಹಾಡುವುದು? ಕೀರ್ತನೆಯವರು ಹಾಡಲಿಲ್ಲ. ಕೆತ್ತನೆಯವರು ನುಡಿಸಲೇಬೇಕಾಯಿತು.

ಗ್ರೀಕರ ಚಿತ್ರಗಳಿಗೆ ಮರಳೋಣ. ಅವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಡೆಲ್ಫಿಯ ಮ್ಯೂಸಿಯಂನ ಒಂದು ಬಟ್ಟಲು. ಕ್ರಿ.ಪೂ. 480-470ರದು. ಬಿಳಿ ಹಿನ್ನೆಲೆಯಲ್ಲಿ ಅಪೋಲೋ ಕೂತಿದ್ದಾನೆ. ಎಡಗೈಯಲ್ಲಿ ಆಮೆ ಚಿಪ್ಪಿನ ಲೈರ್, ಬಲಗೈಯಿಂದ ಪಾನ ಸುರಿದು ಅರ್ಪಿಸುತ್ತಿದ್ದಾನೆ. ಎದುರಿಗೆ ಒಂದು ಕಪ್ಪು ಹಕ್ಕಿ. ಲೈರ್‌ನ ಕೆಳಭಾಗದಲ್ಲಿ ಚಿಪ್ಪಿನ ಚೌಕಳಿಗಳನ್ನು ಚಿತ್ರಕಾರ ಒಂದೊಂದಾಗಿ ಬರೆದಿದ್ದಾನೆ. ಅವನಿಗೆ ಆಮೆ ಮರೆತಿಲ್ಲ.

ಇಲಿಯಡ್‌ನ ಒಂಬತ್ತನೆಯ ಸರ್ಗದಲ್ಲಿ ಗ್ರೀಕ್ ವೀರ ಅಖಿಲೀಸ್ ಸಿಟ್ಟಾಗಿ ಯುದ್ಧ ಬಿಟ್ಟು ಗುಡಾರದಲ್ಲಿ ಕೂತಿರುತ್ತಾನೆ. ರಾಯಭಾರಿಗಳು ಬಂದಾಗ ಅವನು ಬೆಳ್ಳಿಯ ಅಡ್ಡಪಟ್ಟಿಯ ಲೈರ್ ನುಡಿಸುತ್ತಾ ವೀರರ ಕೀರ್ತಿಯನ್ನು ಹಾಡುತ್ತಿದ್ದಾನೆ. ಎದುರಿಗೆ ಗೆಳೆಯ ಪ್ಯಾಟ್ರೋಕ್ಲಸ್ ಮೌನವಾಗಿ, ಹಾಡು ಮುಗಿಯಲಿ ಎಂದು ಕಾಯುತ್ತಿದ್ದಾನೆ. ಆ ಲೈರ್ ಎಲ್ಲಿಂದ ಬಂತು ಎಂದು ಹೋಮರ್ ಅಲ್ಲೇ ಹೇಳಿಬಿಡುತ್ತಾನೆ. ಎಯೆಟಿಯಾನನ ಊರನ್ನು ಸುಟ್ಟು ಕೊಳ್ಳೆ ಹೊಡೆದಾಗ ಸಿಕ್ಕಿದ್ದು. ಆ ಎಯೆಟಿಯಾನ್ ಯಾರು? ಟ್ರಾಯ್ ರಾಜಕುಮಾರ ಹೆಕ್ಟರನ ಹೆಂಡತಿ ಆಂಡ್ರೊಮಕಿಯ ತಂದೆ. ಅವನನ್ನೂ ಅವಳ ಏಳು ಜನ ಅಣ್ಣತಮ್ಮಂದಿರನ್ನೂ ಕೊಂದವನು ಇದೇ ಅಖಿಲೀಸ್. ಒಂದೇ ಮಾತಿನಲ್ಲಿ ಹೋಮರ್ ಆ ಇಂಪಾದ ಹಾಡಿನ ಕೆಳಗೆ ಸುಟ್ಟ ಊರನ್ನು ಇಡುತ್ತಾನೆ. ಒಡಿಸ್ಸಿಯಲ್ಲಿ ಇದು ತಿರುಗುಮುರುಗು. ಒಡಿಸ್ಸಿಯಸ್ ತನ್ನ ದೊಡ್ಡ ಬಿಲ್ಲಿಗೆ ಹೆದೆ ಏರಿಸುವುದನ್ನು, ಗಾಯಕ ಲೈರ್‌ನ ಹೊಸ ಬಿರಡೆಗೆ ತಂತಿ ಏರಿಸಿದಷ್ಟು ಸಲೀಸಾಗಿ ಎಂದು ಬಣ್ಣಿಸುತ್ತಾನೆ. ಹೆದೆ ಮೀಟಿದರೆ ಹಕ್ಕಿಯ ದನಿ ಬರುತ್ತದೆ. ಮರುಗಳಿಗೆ ಹೆಣಗಳು ಬೀಳುತ್ತವೆ. ಎರಡಕ್ಕೂ ಬೇಕಾದದ್ದು ಬಿಗಿದ ಕರುಳು, ಅಪೋಲೋನ ಕೈಯಲ್ಲಿ ಎರಡೂ ಇವೆ.

ಅಪೋಲೋ ಅಂದರೆ ಮಾರ್ಸಿಯಸ್‌ನ ಮಾತು ಬರಲೇಬೇಕು. ದೇವತೆ ಅಥೀನಾ ಜೋಡಿಕೊಳಲು ಊದಿ ನೋಡಿದಳು, ಕೆನ್ನೆ ಉಬ್ಬುತ್ತದೆಂದು ಬಿಸಾಕಿದಳು. ಅದನ್ನು ಎತ್ತಿಕೊಂಡ ಸ್ಯಾಟಿರ್ ಮಾರ್ಸಿಯಸ್ ಎಷ್ಟು ಚೆನ್ನಾಗಿ ಕಲಿತ ಅಂದರೆ ಅಪೋಲೋನನ್ನೇ ಸ್ಪರ್ಧೆಗೆ ಕರೆದ. ಗೆದ್ದವರು ಸೋತವರಿಗೆ ಬೇಕಾದ್ದು ಮಾಡಬಹುದು ಎಂಬುದು ಷರತ್ತು. ಅಪೋಲೋ ಲೈರನ್ನು ತಲೆಕೆಳಗು ಮಾಡಿ ನುಡಿಸಿದ, ನೀನೂ ಹೀಗೆ ಮಾಡು ಎಂದ. ಕೊಳಲಿನಲ್ಲಿ ಅದು ಆಗುವ ಕೆಲಸವೇ? ಸೋತ ಮಾರ್ಸಿಯಸ್‌ನನ್ನು ಮರಕ್ಕೆ ಕಟ್ಟಿ ಜೀವಂತವಾಗಿ ಚರ್ಮ ಸುಲಿಸಿದ. ಕೆಲೀನೀ ಎಂಬ ಊರಿನಲ್ಲಿ ಆ ಚರ್ಮ ತೂಗುಹಾಕಿದೆ ಎಂದು ಹೆರೊಡೋಟಸ್ ಬರೆಯುತ್ತಾನೆ. ಪ್ಲೇಟೋ ತನ್ನ ಆದರ್ಶ ನಗರದಲ್ಲಿ ಲೈರ್ ಇಟ್ಟುಕೊಂಡು ಕೊಳಲನ್ನು ಹೊರಗೆ ಹಾಕುವಾಗ, ಮಾರ್ಸಿಯಸ್‌ಗಿಂತ ಅಪೋಲೋನನ್ನು ಆರಿಸುವುದರಲ್ಲಿ ಹೊಸತೇನಿಲ್ಲ ಎನ್ನುತ್ತಾನೆ. ಪ್ಲೇಟೋ ಮೇಲೆ ಎಷ್ಟೇ ಗೌರವ ಇದ್ದರೂ ಇಲ್ಲಿ ನಾನು ಮಾರ್ಸಿಯಸ್ ಕಡೆ.

ಶಿಲ್ಪಿಗಳು ಇದನ್ನು ಹೇಗೆ ನೋಡಿದರು ಎಂಬುದು ಮುಖ್ಯ. ಮಾಂಟಿನಿಯಾದಲ್ಲಿ ಸಿಕ್ಕ, ಪ್ರಾಕ್ಸಿಟಿಲೀಸ್‌ನ ಶಿಲ್ಪಶಾಲೆಯದು ಎನ್ನಲಾಗುವ ಫಲಕ ಅಥೆನ್ಸಿನ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ. ಕ್ರಿ.ಪೂ. 330-320ರದು. ಒಂದು ಕಡೆ ಅಪೋಲೋ ಕಿಥಾರ ಹಿಡಿದು ಆರಾಮಾಗಿ ಕೂತಿದ್ದಾನೆ. ಇನ್ನೊಂದು ಕಡೆ ಮಾರ್ಸಿಯಸ್ ಮೈಯೆಲ್ಲ ಬಿಗಿಹಿಡಿದು ಊದುತ್ತಿದ್ದಾನೆ. ನಡುವೆ ಸುಮ್ಮನೆ ನಿಂತ ಒಬ್ಬ ಸ್ಕಿಥಿಯನ್ ಆಳು. ಅವನ ಕೈಯಲ್ಲಿ ಚಾಕು. ಸ್ಪರ್ಧೆ ಇನ್ನೂ ನಡೆಯುತ್ತಿದೆ, ಚಾಕು ಆಗಲೇ ಸಿದ್ಧ. ಸುಮಾರು 1,900 ವರ್ಷ ಕಳೆದ ಮೇಲೆ, 1570ರ ದಶಕದಲ್ಲಿ, ಮುದುಕನಾಗಿದ್ದ ಇಟಲಿಯ ಚಿತ್ರಕಾರ ಟಿಷಿಯನ್ ಅದೇ ಕಥೆಯನ್ನು ಬಣ್ಣದಲ್ಲಿ ತಂದ. ಅದೀಗ ಚೆಕ್ ದೇಶದ ಕ್ರೊಮೆರಿಷ್‌ನಲ್ಲಿದೆ. ಮಾರ್ಸಿಯಸ್ ತಲೆಕೆಳಗಾಗಿ ನೇತಾಡುತ್ತಿದ್ದಾನೆ. ಒಬ್ಬ ಮೇಲೆ ನೋಡುತ್ತಾ ವಾದ್ಯ ನುಡಿಸುತ್ತಿದ್ದಾನೆ. ಒಂದು ಪುಟ್ಟ ನಾಯಿ ನೆಲದ ರಕ್ತ ನೆಕ್ಕುತ್ತಿದೆ. ಸಂಗೀತ ನಿಂತಿಲ್ಲ. ಆಮೆ, ಎತ್ತು, ಕುರಿಗಳ ಚರ್ಮ ಕರುಳಿನಿಂದಲೇ ಅಪೋಲೋ ಗೆದ್ದದ್ದು ಎಂದು ನೆನೆದರೆ ಈ ಶಿಕ್ಷೆ ಇನ್ನೂ ಭಯಂಕರ.

ಆರ್ಫಿಯಸ್‌ನ ಕಥೆ ಎಲ್ಲರಿಗೂ ಅಷ್ಟಿಷ್ಟು ಗೊತ್ತಿರುತ್ತದೆ. ಲೈರ್ ನುಡಿಸಿ ಹಾಡುತ್ತಿದ್ದವನು ಅವನು. ಹೆಂಡತಿ ಯೂರಿಡಿಸಿಯನ್ನು ತರಲು ಸತ್ತವರ ಲೋಕಕ್ಕೆ ಹೋಗಿದ್ದು, ಹಾಡಿ ಅಲ್ಲಿನ ರಾಜನನ್ನೂ ಕರಗಿಸಿದ್ದು, ಹಿಂದಿರುಗಿ ನೋಡಿ ಕಳಕೊಂಡಿದ್ದು. ಗ್ರೀಕ್ ಹೂಜಿಗಳಲ್ಲಿ ಚಿತ್ರಕಾರರು ಮತ್ತೆ ಮತ್ತೆ ಬರೆದದ್ದು ಅವನ ಸಾವನ್ನು. ಥ್ರೇಸ್‌ನ ಹೆಂಗಸರು ಈಟಿ, ಕಲ್ಲು, ಒನಕೆ ಹಿಡಿದು ಮೇಲೆ ಬಿದ್ದಿದ್ದಾರೆ. ನೆಲಕ್ಕೆ ಕುಸಿದ ಆರ್ಫಿಯಸ್ ಲೈರನ್ನೇ ಗುರಾಣಿಯಂತೆ ಮೇಲೆ ಎತ್ತಿದ್ದಾನೆ. ಅವನ ಬಳಿ ಬೇರೆ ಆಯುಧ ಇಲ್ಲ. ಕಡಿದ ತಲೆ, ಲೈರ್ ಎರಡೂ ಹೆಬ್ರಸ್ ನದಿಯಲ್ಲಿ ತೇಲಿ ಲೆಸ್ಬಾಸ್ ದ್ವೀಪ ಸೇರಿದವು. ದಾರಿಯುದ್ದಕ್ಕೂ ತಂತಿ ಏನೋ ದುಃಖ ನುಡಿಯುತ್ತಿತ್ತು, ಸತ್ತ ನಾಲಿಗೆಯೂ ಗೊಣಗುತ್ತಿತ್ತು ಎಂದು ರೋಮಿನ ಕವಿ ಓವಿಡ್ ಹೇಳುತ್ತಾನೆ. ಆಮೆಗೆ ಆದದ್ದೇ ಕೊನೆಗೆ ಹಾಡುಗಾರನಿಗೂ ಆಯಿತು.

ಆ ಲೈರನ್ನು ಆಕಾಶದಲ್ಲಿ ಇಟ್ಟರು. ಲೈರಾ ನಕ್ಷತ್ರಪುಂಜ ಅದೇ. ಅದರ ಹೊಳೆಯುವ ನಕ್ಷತ್ರ ವೇಗಾ, ನಮ್ಮವರ ಅಭಿಜಿತ್. ಸುಮಾರು 25 ಬೆಳಕಿನ ವರ್ಷ ದೂರ. ಮಳೆಗಾಲ ಮುಗಿದು ಮೋಡ ಸರಿದ ಅಕ್ಟೋಬರ್ ಸಂಜೆಗಳಲ್ಲಿ ಕರ್ನಾಟಕದ ಯಾವ ಊರಿನಿಂದಲಾದರೂ ಉತ್ತರಕ್ಕೆ ಮುಖ ಮಾಡಿ ನೋಡಿದರೆ, ಸ್ವಲ್ಪ ಎಡಕ್ಕೆ ಸಾಕಷ್ಟು ಎತ್ತರದಲ್ಲಿ ಕಾಣುತ್ತದೆ. ಸೂರ್ಯನನ್ನು ಬಿಟ್ಟರೆ ಮನುಷ್ಯ ಮೊದಲು ಫೋಟೋ ತೆಗೆದ ನಕ್ಷತ್ರವೂ ಅದೇ, 1850ರಲ್ಲಿ ಹಾರ್ವರ್ಡ್‌ನಲ್ಲಿ.

ಮೃಗಗಳು ಸುತ್ತ ಕೂತು ಹಾಡು ಕೇಳುವ ಆರ್ಫಿಯಸ್‌ನ ಚಿತ್ರ ಧರ್ಮದಿಂದ ಧರ್ಮಕ್ಕೆ ದಾಟಿತು. ರೋಮಿನ ನೆಲದಡಿಯ ಸಮಾಧಿಗಳಲ್ಲಿ ಮೊದಲ ಕ್ರೈಸ್ತರು ಕ್ರಿಸ್ತನನ್ನು ಆರ್ಫಿಯಸ್‌ನ ರೂಪದಲ್ಲಿ ಬರೆದರು. ಗಾಜಾದಲ್ಲಿ ಕ್ರಿ.ಶ. 508-509ರ ಒಂದು ಯಹೂದಿ ಪ್ರಾರ್ಥನಾ ಮಂದಿರದ ನೆಲದ ಮೊಸಾಯಿಕ್ 1965ರಲ್ಲಿ ಬೆಳಕಿಗೆ ಬಂತು. ಕಿರೀಟ ತೊಟ್ಟವನೊಬ್ಬ ಲೈರ್ ನುಡಿಸುತ್ತಿದ್ದಾನೆ. ಸಿಂಹ, ಹಾವು, ಉದ್ದ ಕತ್ತಿನ ಜಿರಾಫೆ ಕೇಳುತ್ತಿವೆ. ನೋಡಿದರೆ ಆರ್ಫಿಯಸ್ಸೇ. ಪಕ್ಕದಲ್ಲಿ ಹೀಬ್ರೂ ಅಕ್ಷರದಲ್ಲಿ ದಾವೀದ ಎಂದು ಬರೆದಿದೆ. ಸೌಲ ರಾಜನ ಮನೋವ್ಯಥೆ ಕಳೆಯಲು ನುಡಿಸಿದ ಕುರುಬ ಹುಡುಗ, ಮುಂದೆ ತಾನೇ ರಾಜನಾದವನು. ಅದೇ ಸೌಲ ಇನ್ನೊಂದು ದಿನ ನುಡಿಸುತ್ತಿದ್ದ ದಾವೀದನ ಮೇಲೆ ಈಟಿ ಎಸೆದ ಎಂಬುದನ್ನು ಬೈಬಲ್ ಬಿಡದೆ ಹೇಳುತ್ತದೆ.

ಯೂರೋಪಿನ ಉತ್ತರದಲ್ಲಿ ಲೈರ್ ಯೋಧರ ಸಂಗಾತಿ. ಜರ್ಮನಿಯ ಟ್ರೋಸಿಂಗೆನ್‌ನಲ್ಲಿ 2001-02ರ ಚಳಿಗಾಲದಲ್ಲಿ ಸಿಕ್ಕ ಗೋರಿಯಲ್ಲಿ, ಕ್ರಿ.ಶ. 580ರ ಹೊತ್ತಿಗೆ ಸತ್ತ ಒಬ್ಬನ ತೋಳಿನಲ್ಲಿ ಹೆಚ್ಚುಕಡಿಮೆ ಪೂರ್ತಿ ಉಳಿದ ಲೈರ್ ಇತ್ತು. ಮರದ ಮೇಲೆ ಎದುರುಬದುರು ನಿಂತ ಯೋಧರ ಕೆತ್ತನೆ. ಕೈ ತಾಗಿ ತಾಗಿ ಸವೆದ ಗುರುತೂ ಇದೆ. ಇಂಗ್ಲೆಂಡಿನ ಸಟನ್ ಹೂನಲ್ಲಿ 1939ರಲ್ಲಿ ಸಿಕ್ಕ ಚೂರುಗಳನ್ನು ಮೊದಲು ಹಾರ್ಪ್ ಎಂದು ಜೋಡಿಸಿದ್ದರು. 1970ರಲ್ಲಿ ಬಿಚ್ಚಿ ಲೈರ್ ಆಗಿ ಮತ್ತೆ ಜೋಡಿಸಿದರು.

ಹೊಸಯುಗದ ಇಟಲಿಗೆ ಬರುವ ಹೊತ್ತಿಗೆ ಲೈರ್‌ನ ದನಿ ಯಾರಿಗೂ ಗೊತ್ತಿರಲಿಲ್ಲ. ವ್ಯಾಟಿಕನ್‌ನಲ್ಲಿ ರಾಫೇಲ್ 1509-11ರಲ್ಲಿ ಬರೆದ ಪಾರ್ನಾಸಸ್ ಭಿತ್ತಿಚಿತ್ರದಲ್ಲಿ ಅಪೋಲೋ ನುಡಿಸುತ್ತಿರುವುದು ಕಮಾನಿನಿಂದ ಉಜ್ಜುವ, ಭುಜಕ್ಕೆ ಒರಗಿಸುವ ಆ ಕಾಲದ ವಾದ್ಯ. ಹಳೆಯ ಮಾದರಿಯ ಲೈರ್ ಇರುವುದು ಕೆಳಗಡೆ ಕೂತ ಸ್ಯಾಫೋಳ ಕೈಯಲ್ಲಿ, ಅವಳು ನುಡಿಸುತ್ತಿಲ್ಲ, ಸುಮ್ಮನೆ ಹಿಡಿದಿದ್ದಾಳೆ. ಇಲ್ಲಿಂದ ಮುಂದೆ ಬರೀ ಅಲಂಕಾರ. ಕುರ್ಚಿಯ ಬೆನ್ನು, ಗಡಿಯಾರದ ಚೌಕಟ್ಟು, ಬ್ಯಾಂಡಿನವರ ಬಿಲ್ಲೆ. ಪ್ಯಾರಿಸ್‌ನ ಒಪೆರಾ ಗಾರ್ನಿಯೆ ಕಟ್ಟಡದ ನೆತ್ತಿಯ ಮೇಲೆ ಏಮೆ ಮಿಲ್ಲೆ ಮಾಡಿದ ಅಪೋಲೋ ಚಿನ್ನದ ಬಣ್ಣದ ಲೈರನ್ನು ಎರಡೂ ಕೈಯಲ್ಲಿ ಮೇಲೆ ಎತ್ತಿ ಹಿಡಿದಿದ್ದಾನೆ. ಆ ಭಂಗಿಯಲ್ಲಿ ಯಾರೂ ನುಡಿಸಲಾರರು. ಪಿಯಾನೋದ ಪೆಡಲ್ ಕಟ್ಟಿರುವ ಭಾಗಕ್ಕೂ ಲೈರ್ ಎಂದೇ ಹೆಸರು. ಆಸ್ಟ್ರೇಲಿಯಾದ ಒಂದು ಹಕ್ಕಿಗೆ ಬಾಲದ ಆಕಾರ ನೋಡಿ ಲೈರ್‌ಬರ್ಡ್ ಎಂದು ಹೆಸರಿಟ್ಟರು. ಸತ್ತ ಹಕ್ಕಿಯ ಗರಿಗಳನ್ನು ನೆಟ್ಟಗೆ ನಿಲ್ಲಿಸಿ ಚಿತ್ರ ಬರೆದರು. ಬದುಕಿರುವ ಹಕ್ಕಿ ಬಾಲವನ್ನು ತಲೆಯ ಮೇಲಿನಿಂದ ಮುಂದಕ್ಕೆ ಹರಡಿ ಕುಣಿಯುತ್ತದೆ, ಕಾಡಿನ ಬೇರೆ ಹಕ್ಕಿಗಳ ಕೂಗನ್ನೆಲ್ಲ ಅನುಕರಿಸಿ ಹಾಡುತ್ತದೆ.

ಆದರೆ ಯೂರೋಪ್ ಮರೆತ ಕಾಲಕ್ಕೆ ಆಫ್ರಿಕಾ ಲೈರ್ ನುಡಿಸುವುದನ್ನು ನಿಲ್ಲಿಸಿರಲಿಲ್ಲ. ಇವತ್ತಿಗೂ ನಿಲ್ಲಿಸಿಲ್ಲ. ಲೈರ್ ಸತ್ತ ವಾದ್ಯ ಎಂದು ಬರೆಯುವವರ ಮೇಲೆ ನನಗೆ ಬೇಸರ ಇರುವುದು ಇದಕ್ಕೇ. ಇಥಿಯೋಪಿಯಾದಲ್ಲಿ ಬೆಗೆನಾ ಇದೆ. ಹತ್ತು ತಂತಿ, ಮೀಟರಿಗಿಂತ ಎತ್ತರ. ದಾವೀದನ ವಾದ್ಯ ಇದೇ ಎಂದು ಅಲ್ಲಿನ ನಂಬಿಕೆ. ಕುರಿಯ ಕರುಳಿನ ತಂತಿಗೂ ಕುದುರೆಗೂ ನಡುವೆ ಸಣ್ಣ ಚರ್ಮದ ತುಂಡು ಸಿಕ್ಕಿಸುತ್ತಾರೆ. ಅದರಿಂದ ನಮ್ಮ ತಂಬೂರಿಯ ಜೀವಾಳಿಯಲ್ಲಿ ಬರುವಂತಹ ಝೇಂಕಾರ, ಇನ್ನೂ ಆಳದಲ್ಲಿ, ಬರುತ್ತದೆ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಒಬ್ಬರೇ ಕೂತು ಪ್ರಾರ್ಥನೆಯಾಗಿ ಹಾಡುತ್ತಾರೆ. ಅಲೆಮು ಅಗಾ ಅವರ ಧ್ವನಿಮುದ್ರಣಗಳನ್ನು ಹೆಡ್‌ಫೋನ್ ಹಾಕಿ ಕೇಳಿ, ಗಂಟಲು ಯಾವುದು ತಂತಿ ಯಾವುದು ಎಂದು ಬೇರೆ ಮಾಡುವುದೇ ಕಷ್ಟ. ಅದೇ ದೇಶದಲ್ಲಿ ಐದಾರು ತಂತಿಯ ಕ್ರಾರ್ ಇದೆ, ಅದು ಮದುವೆ, ಪ್ರೇಮ, ಕುಣಿತದ್ದು. ಸುಯೆಜ್ ಕಾಲುವೆಯ ಊರುಗಳಲ್ಲಿ ಸಿಮ್ಸಿಮಿಯ್ಯಾ ಇದೆ. 1967ರ ಯುದ್ಧದ ನಂತರ ಊರು ಬಿಟ್ಟು ಚದುರಿದ ಕಾಲುವೆ ಜನ ತಮ್ಮ ಹಾಡುಗಳನ್ನು ಅದರ ಜೊತೆಗೇ ಕೊಂಡುಹೋದರು.

ಕೀನ್ಯಾದಲ್ಲಿ, ವಿಕ್ಟೋರಿಯಾ ಸರೋವರದ ದಡದ ಲುವೋ ಜನರದು ನ್ಯಾಟಿಟಿ. ಎಂಟು ತಂತಿ, ಚರ್ಮ ಹೊದಿಸಿದ ಬಟ್ಟಲು. ನುಡಿಸುವವನು ತಗ್ಗು ಪೀಠದ ಮೇಲೆ ಕೂರುತ್ತಾನೆ. ಕಾಲಿನ ಹೆಬ್ಬೆರಳಿಗೆ ಕಬ್ಬಿಣದ ಉಂಗುರ ಹಾಕಿ ವಾದ್ಯದ ಮರಕ್ಕೆ ಬಡಿದು ತಾಳ ಇಡುತ್ತಾನೆ, ಕಾಲಿಗೆ ಗೆಜ್ಜೆ. ಸಾವಿನ ಮನೆಗಳಲ್ಲಿ ಅವನನ್ನು ಕರೆಸುತ್ತಾರೆ. ಸತ್ತವರ ವಂಶ, ಅವರು ಮಾಡಿದ ಕೆಲಸ, ಅವರ ಗುಣ ಎಲ್ಲವನ್ನೂ ಹಾಡುತ್ತಾನೆ. ಕೇಳುವವರು ಸುಮ್ನೆ ಕೂರುವುದಿಲ್ಲ. ಒಬ್ಬ ಎದ್ದು ಕಾಸು ಕೊಟ್ಟು ಹಾಡು ನಿಲ್ಲಿಸುತ್ತಾನೆ, ತನ್ನನ್ನೋ ತನ್ನವರನ್ನೋ ಜೋರಾಗಿ ಹೊಗಳಿಕೊಳ್ಳುತ್ತಾನೆ. ಇದಕ್ಕೆ ಪಕ್ರುವೋಕ್ ಎನ್ನುತ್ತಾರೆ. ಮಾತು ಮುಗಿದ ಕೂಡಲೇ ನುಡಿಸುವವನು ಆ ಹೊಗಳಿಕೆಯನ್ನೂ ಹಾಡಿಗೆ ಸೇರಿಸಿಕೊಂಡು ಮತ್ತೆ ಶುರು ಮಾಡುತ್ತಾನೆ, ಇನ್ನೊಬ್ಬ ಕಾಸು ಹಿಡಿದು ಏಳುವವರೆಗೆ.